ಪಾಲಿಲ್ಲದವರ ಹೆಸರು, ಹೊಂದದ ತೋಟದ ಅಂಕಿ: ಏನು ಮಾಡಲಿ?

ಪ್ರಶ್ನೆ: ಅತಿಥಿ ಉಪನ್ಯಾಸಕಿ, ಸಾಗರ

ಎಲ್ಲರಿಗೂ ನಮಸ್ಕಾರ. ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ, ಜೊತೆಗೆ ಪಿಎಚ್.ಡಿ. ಕೊನೆಯ ಹಂತದಲ್ಲಿದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಎಲೆಚುಕ್ಕೆ ರೋಗ ಹರಡುವ ಬಗೆ ನನ್ನ ವಿಷಯ. ಮೊದಲ ಲೇಖನ ಕಳಿಸುವ ಹೊತ್ತಿಗೆ ಎರಡು ತೊಡಕು ಎದುರಾಗಿವೆ.

ಈ ಕೆಲಸದಲ್ಲಿ ಪಾಲಿಲ್ಲದ ಹಿರಿಯರೊಬ್ಬರು ತಮ್ಮ ಹೆಸರನ್ನೂ ಲೇಖಕರ ಸಾಲಿನಲ್ಲಿ ಸೇರಿಸು ಎನ್ನುತ್ತಿದ್ದಾರೆ. ಅವರು ನನಗೆ ಪಾಠ ಹೇಳಿದವರು, ಕೆಟ್ಟವರೂ ಅಲ್ಲ. ಆಗದು ಎಂದರೆ ‘ಎರಡಕ್ಷರ ಕಲಿತ ಕೂಡಲೇ ಅಹಂಕಾರ ಬಂತು’ ಎಂಬ ಮಾತು ಬರುತ್ತದೆ. ಇನ್ನೊಂದು, ಒಂದು ತೋಟದ ಅಂಕಿಗಳು ಉಳಿದವುಗಳ ಜೊತೆ ಹೊಂದುತ್ತಿಲ್ಲ. ಅದೊಂದನ್ನು ಕೈಬಿಡು, ಗ್ರಾಫ್ ಚೆಂದ ಬರುತ್ತದೆ ಎಂದು ಜೊತೆಯವರು ಹೇಳುತ್ತಿದ್ದಾರೆ. ಸುಳ್ಳು ಬರೆಯಲು ಮನಸ್ಸಿಲ್ಲ. ದೊಡ್ಡವರಿಗೆ ಎದುರಾಡಿದವಳು ಅನ್ನಿಸಿಕೊಳ್ಳಲೂ ಇಷ್ಟವಿಲ್ಲ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಬರೆಯಿರಿ.

ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕಿ, ತೀರ್ಥಹಳ್ಳಿ

ತಂಗಿ, ಮೊದಲು ಹೆಸರಿನ ವಿಚಾರ.

ನಿಮ್ಮಿಬ್ಬರ ನಡುವಿನ ಮರ್ಯಾದೆಯ ಪ್ರಶ್ನೆಯಾಗಿ ಇದನ್ನು ನೋಡಿದರೆ ಬಿಡಿಸಲು ಬರುವುದಿಲ್ಲ. ಕೆಲಸದ ಲೆಕ್ಕವಾಗಿ ನೋಡಿದರೆ ದಾರಿ ಕಾಣುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರು ಯಾರು ಎಂಬುದಕ್ಕೆ ನಾಲ್ಕು ಷರತ್ತು ಹಾಕಿದೆ. ಅಧ್ಯಯನದ ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲಿರಬೇಕು. ಕರಡು ಬರೆದಿರಬೇಕು, ಇಲ್ಲವೇ ಅದನ್ನು ವಿಮರ್ಶಿಸಿ ತಿದ್ದಿರಬೇಕು. ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಯಾರಾದರೂ ತಕರಾರು ತೆಗೆದರೆ ಉತ್ತರ ಹೇಳಲು ಸಿದ್ಧರಿರಬೇಕು. ನಾಲ್ಕೂ ಇರಬೇಕು, ಒಂದೆರಡು ಇದ್ದರೆ ಸಾಲದು. ಉಳಿದವರು ಕೃತಜ್ಞತೆಯ ಭಾಗಕ್ಕೆ ಸೇರುತ್ತಾರೆ. ಬೇರೆ ಶಾಸ್ತ್ರಗಳ ಎಷ್ಟೋ ಪತ್ರಿಕೆಗಳೂ ಇದನ್ನೇ ಅನುಸರಿಸುತ್ತವೆ. ಯಾವ ಲೇಖಕರು ಏನು ಮಾಡಿದರು ಎಂದು 14 ಬಗೆಯ ಪಾತ್ರಗಳ ಪಟ್ಟಿಯಲ್ಲಿ ಗುರುತು ಹಾಕಿಸಿಕೊಳ್ಳುವ ಪತ್ರಿಕೆಗಳೂ ಬಹಳ ಇವೆ.

ನನ್ನ ವಿದ್ಯಾರ್ಥಿಗಳು ಇಂಥ ಇಕ್ಕಟ್ಟಿಗೆ ಸಿಕ್ಕಿದಾಗಲೆಲ್ಲ ಈ ಪಟ್ಟಿಯನ್ನು ಕೈಗೆ ಕೊಟ್ಟು ಕಳಿಸುತ್ತಿದ್ದೆ. ನೇರವಾಗಿ ಹೋಗಿ ಕೇಳಬೇಕು: ‘ಸರ್, ಪತ್ರಿಕೆಯವರು ಪ್ರತಿಯೊಬ್ಬರ ಕೆಲಸವನ್ನೂ ಬರೆದುಕೊಡಿ ಎನ್ನುತ್ತಾರೆ. ಕರಡು ಇಲ್ಲಿದೆ. ನೀವು ಓದಿ ಎಲ್ಲಿ ಸಡಿಲವಾಗಿದೆ ಹೇಳಿದರೆ ನನಗೆ ದೊಡ್ಡ ಉಪಕಾರ.’ ಇದು ನಾಟಕವಾಗಕೂಡದು, ನಿಜವಾಗಿಯೂ ಅವರ ಓದು ಬೇಕು ಎಂದೇ ಕೇಳಬೇಕು. ಕೆಲವರು ಕರಡು ಓದಿ, ನಮಗೆ ಹೊಳೆಯದ ದೋಷ ತೋರಿಸಿ, ವಿಶ್ಲೇಷಣೆಯನ್ನೇ ಹೊಸದಾಗಿ ಕಟ್ಟಿಸುತ್ತಾರೆ. ಆಗ ಅವರಿಗೆ ಪಾಲು ಬಂದೇ ಬಂತು, ಹೆಸರು ಸಂತೋಷದಿಂದ ಹಾಕಿ. ಓದಲು ಬಿಡುವಿಲ್ಲ ಎಂದರೆ ಕೃತಜ್ಞತೆಯಲ್ಲಿ ಒಳ್ಳೆಯ ಎರಡು ವಾಕ್ಯ ಬರೆಯಿರಿ: ನಿಮಗೆ ಯಾವ ಪಾಠ ಹೇಳಿದರು, ಅದರಿಂದ ಈ ಕೆಲಸ ಹೇಗೆ ಹುಟ್ಟಿತು ಎಂದು. ಬಹಳ ಹಿರಿಯರಿಗೆ ನೋಯುವುದು ಮರೆತುಬಿಟ್ಟರಲ್ಲ ಎಂಬುದಕ್ಕೆ. ಆ ನೋವಿಗೆ ಮದ್ದು ಲೇಖಕರ ಸಾಲಿನಲ್ಲಿ ಇಲ್ಲ. ಮಾರ್ಗದರ್ಶಕರಿಗೆ ಮೊದಲೇ ವಿಷಯ ತಿಳಿಸಿ, ಈ ಮಾತನ್ನು ಒಬ್ಬಳೇ ಹೊರಬೇಡಿ.

ಮುಂದಿನ ಲೇಖನಕ್ಕೆ ಕೆಲಸ ಶುರುವಾಗುವ ದಿನವೇ ಯಾರ್ಯಾರ ಹೆಸರು, ಯಾವ ಸರತಿ ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿ. ತೋಟಕ್ಕೆ ಹೊಡೆಯುವ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದಿಲ್ಲವೇ, ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು? ಹಾಗೆ ಮೊದಲೇ ನೋಡಿಕೊಳ್ಳುವ ಕೆಲಸ ಇದು. ಹೊಡೆದಾದ ಮೇಲೆ ಸುಣ್ಣ ಬೆರೆಸಲು ಬರುವುದಿಲ್ಲ.

ಬೋರ್ಡೋ ಎಂದ ಮೇಲೆ ಇದನ್ನೂ ಹೇಳಬೇಕು, ನಿಮ್ಮದೂ ಅಡಿಕೆಯ ಕೆಲಸವೇ ಆದ್ದರಿಂದ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮೇಲೆ ವ್ಯವಸ್ಥಿತ ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ರೋಗಕಾರಕವನ್ನು ಅವರು ಫೈಟಾಫ್ತೊರಾ ಆಮ್ನಿವೋರಾದ ಒಂದು ಬಗೆ ಎಂದು ಗುರುತಿಸಿದರು. 1913ರಲ್ಲಿ ಇನ್ನೊಬ್ಬ ವಿಜ್ಞಾನಿ ಅದನ್ನು ಫೈಟಾಫ್ತೊರಾ ಅರೆಕೆ ಎಂಬ ಪ್ರತ್ಯೇಕ ಪ್ರಭೇದ ಮಾಡಿದರು. ಈಗಿನ ಲೇಖನಗಳಲ್ಲಿ ಹೆಚ್ಚಾಗಿ ಕಾಣುವುದು ಫೈಟಾಫ್ತೊರಾ ಮೀಡಿಯೈ. ಹೆಸರು ತಿದ್ದುಪಡಿಯಾಗುತ್ತಾ ಬಂದರೂ ಕೋಲ್ಮನ್ನರ ಕೆಲಸ ಸಣ್ಣದಾಗಲಿಲ್ಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೆರೆಸಿ ಮಳೆಗಾಲಕ್ಕೆ ಮುಂಚೆ ಹೊಡೆಯುವುದು ಮಲೆನಾಡಿನಲ್ಲಿ ಇಂದಿಗೂ ನಡೆದಿದೆ. ಅದಕ್ಕೂ ಹಿಂದಿನಿಂದ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆ ತಡೆಯುತ್ತಿದ್ದ ತೋಟಗಾರರಿದ್ದರು. ಅವರ ಹೆಸರು ಯಾವ ಲೇಖನದಲ್ಲೂ ಇಲ್ಲ. ನಮ್ಮ ಕೆಲಸಕ್ಕೆ ಹಿಂದೆಯೂ ಜನ ಇದ್ದರು, ಮುಂದೆಯೂ ತಿದ್ದುವವರು ಬರುತ್ತಾರೆ ಎಂದು ಗೊತ್ತಿದ್ದವರಿಗೆ, ಈಗ ಯಾರು ಏನು ಮಾಡಿದರೋ ಅಷ್ಟನ್ನೇ ಬರೆಯುವುದು ಕಷ್ಟವಾಗುವುದಿಲ್ಲ. ಹಾಗಾಗಿ ಪ್ರಾಮಾಣಿಕತೆಗೂ ವಿನಯಕ್ಕೂ ನನಗೆ ಜಗಳ ಕಾಣುವುದಿಲ್ಲ.

ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಮಾತು ಸೇರಿಸಲೇಬೇಕು. ನಮ್ಮಲ್ಲಿ ವಿನಯವನ್ನು ಕಿರಿಯರಿಂದ ಮಾತ್ರ ಕೇಳುತ್ತಾರೆ. ಅತಿಥಿ ಉಪನ್ಯಾಸಕರಿಗೆ ಬರುವ ವರ್ಷ ಕಾರ್ಯಭಾರ ಸಿಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಸಂಶೋಧನಾ ವಿದ್ಯಾರ್ಥಿಯ ಪ್ರತಿ ಅರ್ಜಿಗೂ ಯಾರದೋ ಸಹಿ ಬೇಕು. ಅಂಥ ಜಾಗದಲ್ಲಿ ನಿಂತವರಿಗೆ ‘ಧೈರ್ಯವಾಗಿ ಸತ್ಯ ಹೇಳು’ ಎನ್ನುವುದು ಸುಲಭ, ಬೆಲೆ ತೆರುವವರು ಅವರು. ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಹೆಸರು ಸೇರಿಸಲು ಒಪ್ಪಲಿಲ್ಲ. ಯಾರೂ ಬೈಯಲಿಲ್ಲ. ಉಪಕರಣ ಬಳಸುವ ಸರತಿ ನನಗೆ ಬರುವುದು ನಿಂತಿತು, ಅಷ್ಟೆ. ಮಾರ್ಗದರ್ಶಕರು ಬೇರೆ ಪ್ರಯೋಗಾಲಯದಲ್ಲಿ ವ್ಯವಸ್ಥೆ ಮಾಡಿಸಿದ್ದರಿಂದ ಕೆಲಸ ಮುಂದೆ ಹೋಯಿತು.

ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ. ಎದುರುಬದುರು ಮಾತಾಡಿದ ಮೇಲೆ ಅದೇ ಸಂಜೆ ಸಣ್ಣ ಇಮೇಲ್ ಹಾಕಿ: ‘ಇವತ್ತು ನೀವು ಸಮಯ ಕೊಟ್ಟದ್ದಕ್ಕೆ ಧನ್ಯವಾದ. ಕರಡು ಲಗತ್ತಿಸಿದ್ದೇನೆ, ಇಂಥ ದಿನದೊಳಗೆ ನಿಮ್ಮ ತಿದ್ದುಪಡಿಗಳನ್ನು ಎದುರು ನೋಡುತ್ತೇನೆ.’ ದೂರಿನ ಧಾಟಿ ಬೇಡ, ದಿನಾಂಕ ಇದ್ದರೆ ಸಾಕು. ನಿಮ್ಮದೇ ವಯಸ್ಸಿನ ಇನ್ನೊಬ್ಬರ ಜೊತೆ ಎಲ್ಲವನ್ನೂ ಹಂಚಿಕೊಳ್ಳಿ. ಒಂಟಿಯಾದವರನ್ನು ಒಪ್ಪಿಸುವುದು ಬೇಗ ಆಗುತ್ತದೆ.

ಸಮುದಾಯ ಆರೋಗ್ಯ ಬೋಧಕ, ಶಿವಮೊಗ್ಗ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಸ್ವಲ್ಪ ಉದ್ದವಾದೀತು. ನನ್ನ ಮಟ್ಟಿಗೆ ಇದೇ ಹೆಚ್ಚು ಗಂಭೀರವಾದದ್ದು. ಲೇಖಕರ ಸಾಲಿನಲ್ಲಿ ಒಂದು ಹೆಸರು ಹೆಚ್ಚಾದರೆ ಅನ್ಯಾಯವಾಗುವುದು ನಿಮಗೆ. ಅಂಕಿ ಕೈಬಿಟ್ಟರೆ ಅನ್ಯಾಯವಾಗುವುದು ನಿಮ್ಮ ಲೇಖನ ನಂಬಿ ಔಷಧ ಹೊಡೆಯುವ ತೋಟದವರಿಗೆ.

ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೂ ಜ್ವರ. ಮಂಗ ಸಾಯುತ್ತಿದೆ ಎಂದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಬೇರ್ಪಡಿಸಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ಉಣ್ಣೆ ಹುಳದಿಂದ ಹರಡುವ, ರಷ್ಯಾದ ಕಡೆಯ ಮಿದುಳುಜ್ವರದ ವೈರಸ್‌ಗಳ ನಂಟಿನ ಹೊಸ ವೈರಸ್ ಅದಾಗಿತ್ತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಆ ನಂಟಿನಿಂದಲೇ, ವಲಸೆ ಹಕ್ಕಿಗಳು ಉತ್ತರದಿಂದ ತಂದಿರಬಹುದೇ ಎಂಬ ಊಹೆಯೂ ಹುಟ್ಟಿತು. ಹಕ್ಕಿಗಳನ್ನು ಹಿಡಿದು ಪರೀಕ್ಷಿಸಿದರು, ಊಹೆ ನಿಲ್ಲಲಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ತಮ್ಮ ಮೊದಲ ಅನುಮಾನವನ್ನು ಕಾಡಿನ ಮುಂದೆ ಇಟ್ಟು, ಕಾಡು ಹೇಳಿದ್ದನ್ನು ಬರೆದರು.

ಇನ್ನು ಈ ಕಾಯಿಲೆಯ ಲಸಿಕೆ. 1990ರ ದಶಕದ ಆರಂಭದ ಕ್ಷೇತ್ರ ಪ್ರಯೋಗದ ವರದಿಯಲ್ಲಿ ಒಂದು ಡೋಸ್‌ಗೆ ಶೇ. 79.3, ಎರಡು ಡೋಸ್‌ಗೆ ಶೇ. 93.5 ರಕ್ಷಣೆ ಎಂದಿತ್ತು. ಆಮೇಲೆ 2005ರಿಂದ 2010ರವರೆಗಿನ ಮಾಹಿತಿ ಕಲೆಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ಒಂದೇ ಡೋಸ್‌ನಿಂದ ರಕ್ಷಣೆ ಕಾಣಲಿಲ್ಲ, ಎರಡಕ್ಕೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಅದನ್ನು ಬರೆದವರಲ್ಲಿ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರೂ ಇದ್ದರು. ತಾವೇ ಊರೂರಿಗೆ ಹೋಗಿ ಹಾಕಿಸುತ್ತಿದ್ದ ಲಸಿಕೆಯ ಬಗ್ಗೆ ಕಡಿಮೆ ಅಂಕಿ ಬಂದಾಗ ಅದನ್ನು ಮುಚ್ಚಿಡದೆ ಅಚ್ಚು ಮಾಡಿದರು. 2022ರಲ್ಲಿ ಆ ಲಸಿಕೆ ಕೊಡುವುದನ್ನು ನಿಲ್ಲಿಸಲಾಯಿತು. ಆ ಲೇಖನವನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಓದಿಸುತ್ತೇನೆ. ಅದನ್ನು ಬರೆದವರ ಬಗ್ಗೆ ನನಗೆ ಬಹಳ ಗೌರವ.

ನಿಮ್ಮ ಹೊಂದದ ತೋಟಕ್ಕೆ ಬರೋಣ. ಅದನ್ನು ಬಿಡಲು ಕಾರಣ ಏನು? ಅಳತೆ ತಪ್ಪಿತ್ತು, ಮಾದರಿ ಕೆಟ್ಟಿತ್ತು ಎಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಅಂದೇ ಬರೆದಿದ್ದರೆ ಬಿಡಬಹುದು, ಬಿಟ್ಟದ್ದನ್ನೂ ಏಕೆಂದೂ ಲೇಖನದಲ್ಲಿ ಹೇಳಬೇಕು. ಗ್ರಾಫ್ ನೋಡಿದ ಮೇಲೆ ಹುಡುಕಿದ ಕಾರಣ ಕಾರಣವಲ್ಲ. ಆ ತೋಟವನ್ನು ಇಟ್ಟುಕೊಂಡು ಒಂದು ಸಲ, ಬಿಟ್ಟು ಒಂದು ಸಲ ಲೆಕ್ಕ ಮಾಡಿ, ಎರಡನ್ನೂ ತೋರಿಸಿ. ಆಮೇಲೆ ತೋಟಕ್ಕೆ ಹಿಂದಿರುಗಿ. ಬಸಿಗಾಲುವೆ ಹೇಗಿದೆ, ಔಷಧ ಯಾವ ವಾರ ಹೊಡೆದರು, ಬಿದ್ದ ಸೋಗೆ ತೆಗೆದು ಸುಡುತ್ತಾರೋ ಬಿಡುತ್ತಾರೋ, ಬಿಸಿಲು ಎಷ್ಟು ಬೀಳುತ್ತದೆ, ಗೊಬ್ಬರ ಏನು, ಇದೆಲ್ಲ ಕೇಳಿ. ಉಳಿದ ತೋಟಗಳಲ್ಲಿ ಇಲ್ಲದ್ದು ಇಲ್ಲೇನೋ ಇರಬಹುದು. ಆ ಮನೆಯವರಿಗೆ ಅದು ಗೊತ್ತೂ ಇರಬಹುದು.

ಪುಸ್ತಕದ ಮಾತು ಬಂತು. 2018ರ ರಸಾಯನಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ತಮ್ಮ ತಂಡದ ಹಿಂದಿನ ವರ್ಷದ ಲೇಖನವನ್ನು ಹಿಂತೆಗೆದುಕೊಂಡರು. ಫಲಿತಾಂಶ ಮತ್ತೆ ಮಾಡಿದಾಗ ಬರಲಿಲ್ಲ, ಪ್ರಯೋಗ ಪುಸ್ತಕದಲ್ಲಿ ಮುಖ್ಯ ಪ್ರಯೋಗಗಳ ದಾಖಲೆಯೇ ಸರಿಯಾಗಿ ಇರಲಿಲ್ಲ. ಅವರು ಸಾರ್ವಜನಿಕವಾಗಿ ತಾವೇ ಹೇಳಿ ಕ್ಷಮೆ ಕೇಳಿದರು. ಅವರ ಹೆಸರಿಗೆ ಅದರಿಂದ ಕುಂದು ಬಂದಿಲ್ಲ. ದಿನದ ದಿನ ದಿನಾಂಕ ಹಾಕಿ ಬರೆಯಿರಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ, ಹಾಳೆ ಹರಿಯಬೇಡಿ.

ಗ್ರಂಥಪಾಲಕಿ, ಭದ್ರಾವತಿ

ನಿಯಮಗಳ ಬಗ್ಗೆ ಚುಟುಕಾಗಿ, ಏಕೆಂದರೆ ದಿನಾ ಇದನ್ನೇ ಕೇಳುತ್ತಾರೆ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ತಂದ ನಿಯಮದಲ್ಲಿ ಪ್ರಬಂಧಕ್ಕೆ ಬೇರೆ ಬರಹಗಳ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ 6 ತಿಂಗಳೊಳಗೆ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಈ ಶೇ. 10 ಕದಿಯಲು ಕೊಟ್ಟ ರಿಯಾಯಿತಿ ಅಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಹೋಲಿಕೆ ಹುಡುಕುವ ಯಂತ್ರ ಎಣಿಸುವುದು ಪದಗಳ ಹೋಲಿಕೆಯನ್ನು. ಇನ್ನೊಬ್ಬರ ವಿಚಾರವನ್ನು ಕನ್ನಡಕ್ಕೆ ತಿರುಗಿಸಿ ತನ್ನದೆಂದು ಬರೆದರೆ ವರದಿಯಲ್ಲಿ ಸೊನ್ನೆ ಬಂದರೂ ಬರಬಹುದು, ಕಳವು ಕಳವೇ. ಎಲ್ಲಿಂದ ತಂದಿರಿ ಎಂದು ಓದುವಾಗಲೇ ಪಕ್ಕದಲ್ಲಿ ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನೊಂದು: 2022ರ ಪಿಎಚ್.ಡಿ. ನಿಯಮಗಳಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಯುಜಿಸಿ ಷರತ್ತು ಇಲ್ಲ. ನಿಮ್ಮ ವಿಶ್ವವಿದ್ಯಾಲಯ, ನಿಮ್ಮ ನೋಂದಣಿ ವರ್ಷಕ್ಕೆ ಏನಿದೆ ನೋಡಿಕೊಳ್ಳಿ. ಅವಸರಕ್ಕೆ ಬಿದ್ದು, ವಾರದೊಳಗೆ ಸ್ವೀಕಾರ ಪತ್ರ ಕೊಟ್ಟು ದುಡ್ಡು ಕೇಳುವ ಪತ್ರಿಕೆಗಳಿಗೆ ನಿಮ್ಮ ಒಳ್ಳೆಯ ಕೆಲಸ ಕೊಡಬೇಡಿ.

ಇತಿಹಾಸ ಅಧ್ಯಾಪಕ, ಶಿಕಾರಿಪುರ

ನಾನು ಶಾಸನ ಓದುವವನು. ಗೊತ್ತಿಲ್ಲದ್ದನ್ನು ಹೇಗೆ ಬರೆಯಬೇಕು ಎಂದು ನಮಗೆ ಮೊದಲ ಪಾಠದಲ್ಲೇ ಕಲಿಸುತ್ತಾರೆ. ಕಲ್ಲಿನಲ್ಲಿ ಅಕ್ಷರ ಸವೆದು ಅನುಮಾನವಿದ್ದರೆ ಚೌಕಾವರಣದೊಳಗೆ, ಪೂರ್ತಿ ಹೋಗಿದ್ದರೆ ಚುಕ್ಕಿಗಳು. ಓದುಗನಿಗೆ ಕಲ್ಲು ಕೊಟ್ಟದ್ದೆಷ್ಟು, ಓದಿದವನ ಊಹೆ ಎಷ್ಟು ಎಂದು ಪುಟದಲ್ಲೇ ಕಾಣುತ್ತದೆ. ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ 1902, 1904ರಲ್ಲಿ ತಂದರು. ಆಮೇಲೆ ಬಂದವರು ಎಷ್ಟೋ ಓದುಗಳನ್ನು ತಿದ್ದಿದ್ದಾರೆ. ಹಾಗೆ ತಿದ್ದಲು ಬಂದದ್ದು ರೈಸ್ ಎಲ್ಲವನ್ನೂ ಬಿಚ್ಚಿಟ್ಟಿದ್ದರಿಂದ. ನಮ್ಮ ತಾಳಗುಂದದ ಸ್ತಂಭದಲ್ಲಿ ಕವಿ ಕುಬ್ಜ ಆ ಕಾವ್ಯವನ್ನು ಕದಂಬ ದೊರೆ ಶಾಂತಿವರ್ಮನ ಅಪ್ಪಣೆಯಂತೆ ತಾನೇ ಕಲ್ಲಿನಲ್ಲಿ ಬರೆದೆ ಎಂದು ಹೇಳಿಕೊಂಡಿದ್ದಾನೆ. ಮಾಡಿಸಿದವರು ಯಾರು, ಮಾಡಿದವರು ಯಾರು ಎಂದು ಒಂದೂವರೆ ಸಾವಿರ ವರ್ಷದ ಹಿಂದೆಯೇ ಬೇರೆ ಬೇರೆ ಬರೆದಿಟ್ಟಿದ್ದಾರೆ.

ನಿಮ್ಮ ಹೊಂದದ ತೋಟಕ್ಕೂ ಚೌಕಾವರಣ ಹಾಕಿ. ‘ಈ ತೋಟದಲ್ಲಿ ಹೀಗೆ ಕಂಡಿದೆ, ಕಾರಣ ಈ ಅಧ್ಯಯನದಿಂದ ತಿಳಿದಿಲ್ಲ’ ಎಂದು ಬರೆದರೆ ಯಾವ ಪರೀಕ್ಷಕರೂ ನಿಮ್ಮನ್ನು ಕಡಿಮೆ ಎಣಿಸುವುದಿಲ್ಲ. ನಾನು ಪ್ರಬಂಧ ಓದುವಾಗ ಅಂಥ ಒಂದು ವಾಕ್ಯ ಸಿಕ್ಕರೆ ಉಳಿದ ಪುಟಗಳನ್ನು ಹೆಚ್ಚು ನಂಬುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಮಾರ್ಗದರ್ಶಕರ ಹತ್ತಿರ ಮಾತಾಡಿದೆ, ಪಾತ್ರಗಳ ಪಟ್ಟಿಯನ್ನು ಅವರೇ ಎಲ್ಲರಿಗೂ ಕಳಿಸುತ್ತೇನೆ ಎಂದರು. ಹಿರಿಯರಿಗೆ ಕರಡು ಕೊಟ್ಟಿದ್ದೇನೆ, ಓದುತ್ತೇನೆ ಎಂದಿದ್ದಾರೆ. ಹೊಂದದ ತೋಟಕ್ಕೂ ಹೋಗಿ ಬಂದೆ. ಆ ಮನೆಯ ಅಜ್ಜಿ, ರೋಗದ ಸೋಗೆ ಮಳೆಗಾಲಕ್ಕೆ ಮುಂಚೆಯೇ ಇಳಿಸಿ ತೋಟದಿಂದ ಹೊರಗೆ ಸುಡಿಸುತ್ತಾರಂತೆ. ಉಳಿದ ತೋಟಗಳಲ್ಲಿ ಅದನ್ನು ಕೇಳುವ ಪ್ರಶ್ನೆ ನನ್ನ ನಮೂನೆಯಲ್ಲೇ ಇರಲಿಲ್ಲ. ಇದೇ ಕಾರಣ ಎಂದು ಈಗಲೇ ಹೇಳಲಾರೆ. ಎಲ್ಲ ತೋಟಗಳಿಗೂ ಮತ್ತೆ ಹೋಗಿ ಕೇಳಬೇಕು. ಒಂದು ಕೇಳಲೇ, ಆ ಅಜ್ಜಿಯ ಹೆಸರನ್ನು ಹೇಗೆ ಹಾಕಲಿ?

ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕಿ, ತೀರ್ಥಹಳ್ಳಿ

ಒಳ್ಳೆಯದಾಯಿತು. ಓದಿ ಬಹಳ ಸಂತೋಷವಾಯಿತು.

ಮೊದಲು ಅವರನ್ನೇ ಕೇಳಿ. ಹೆಸರು ಬರಲಿ ಎನ್ನುವವರಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ತೋಟದಲ್ಲಿ ರೋಗ ಇದೆ ಎಂದು ಅಚ್ಚಾದರೆ ಮಾರಾಟಕ್ಕೋ ಸಾಲಕ್ಕೋ ತೊಂದರೆ ಎಂದು ಹೆದರುವವರಿಗೆ ಊರಿನ ಹೆಸರೂ ಹಾಕಬಾರದು. ಒಪ್ಪಿದರೆ ಕೃತಜ್ಞತೆಯಲ್ಲಿ ಮಾತ್ರ ಬಿಡಬೇಡಿ, ಈ ಪ್ರಶ್ನೆ ಅವರ ರೂಢಿಯಿಂದ ಹುಟ್ಟಿತು ಎಂದು ಲೇಖನದ ಒಳಗೇ, ವಿಧಾನದ ಭಾಗದಲ್ಲಿ ಬರೆಯಿರಿ. ಸ್ಥಳೀಯರಿಗೆ ಸಲ್ಲಬೇಕಾದ್ದನ್ನು ಲೇಖನದ ಮೈಯಲ್ಲೇ ಇಡಲು ಬರುತ್ತದೆ. 1836ರಿಂದ ಒಂದೇ ಪ್ರಭೇದ ಎಂದುಕೊಂಡಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕಾಗಿ ಗುರುತಿಸಿದಾಗ, ಪಶ್ಚಿಮ ಘಟ್ಟದ ಹಾವಿಗೆ ಅದನ್ನು ಆಗುಂಬೆಯಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಇಟ್ಟ ವೈಜ್ಞಾನಿಕ ಹೆಸರು ನಮ್ಮ ಜನ ಕರೆಯುವ ಕಾಳಿಂಗ ಎಂಬುದೇ.

ಅಚ್ಚಾದ ಮೇಲೆ ಎರಡು ಪುಟದ ಕನ್ನಡ ಸಾರಾಂಶ ಮಾಡಿ ನೀವು ಹೋದ ಪ್ರತಿ ತೋಟಕ್ಕೂ ಕೊಡಿ, ಅಜ್ಜಿಗೆ ಓದಿ ಹೇಳಿ. ಅವರು ‘ಹಾಗಲ್ಲ ಮಗಾ’ ಎಂದು ಏನಾದರೂ ತಿದ್ದಿದರೆ ಅದನ್ನೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳಿ. ಮತ್ತೆ ಕೇಳುವ ನಮೂನೆ ಸಿದ್ಧವಾದಾಗ ನನಗೊಂದು ಪ್ರತಿ ಕಳಿಸಿ. ಮೇಗರವಳ್ಳಿ ಕಡೆ ನನಗೆ ಗೊತ್ತಿರುವ ತೋಟದವರಿದ್ದಾರೆ, ಮಳೆ ಹಿಡಿಯುವ ಮುಂಚೆ ಬಂದರೆ ಕರೆದುಕೊಂಡು ಹೋಗುತ್ತೇನೆ.